ಟಾರ್ಕ್ ಎಷ್ಟು ಎಂದಲ್ಲ, ಎಷ್ಟು ಆರ್‌ಪಿಎಂಗೆ ಎಂದು ಕೇಳು

ಅಪ್ಪಿ, ಹೊಸ ಕ್ಲಾಸಿಕ್ 350 ಬೈಕ್ ತಗೊಳ್ಳುವುದೋ, ಸೆಕೆಂಡ್ ಹ್ಯಾಂಡ್ ಅಪಾಚೆ ಆರ್‌ಆರ್ 310 ತಗೊಳ್ಳುವುದೋ ಎಂದು ನೀನು ತಲೆ ಕೆಡಿಸಿಕೊಂಡಿರುವ ವಿಷಯ ನಿಮ್ಮಮ್ಮ ಹೇಳಿದಳು. ನಿನ್ನ ಗೆಳೆಯರು "ಎಳೆಯೋದು ಟಾರ್ಕ್, ಓಡಿಸೋದು ಎಚ್‌ಪಿ" ಎಂದು ಹೇಳಿಕೊಟ್ಟಿದ್ದಾರಂತೆ. ಅದು ಅರ್ಧ ನಿಜ. ಉಳಿದರ್ಧ ತಿಳಿಯದೆ ದುಡ್ಡು ಸುರಿಯಬೇಡ.

ನೀನು ನೋಡಿಟ್ಟಿರುವ ಎರಡರ ಲೆಕ್ಕವನ್ನೇ ತೆಗೆದುಕೊಳ್ಳೋಣ. ಕ್ಲಾಸಿಕ್ 350ರ ಗರಿಷ್ಠ ಟಾರ್ಕ್ 27 ನ್ಯೂಟನ್ ಮೀಟರ್. 2017ರ ಕೊನೆಗೆ ಬಂದ ಮೊದಲ ಆರ್‌ಆರ್ 310ರದ್ದು 27.3. ವ್ಯತ್ಯಾಸ ಇಲ್ಲವೆಂದೇ ಹೇಳಬೇಕು. ಆದರೆ ಪವರ್ ನೋಡು: ಕ್ಲಾಸಿಕ್ 20.2 ಬಿಎಚ್‌ಪಿ, ಅಪಾಚೆ 34 ಪಿಎಸ್, ಅಂದರೆ ಸುಮಾರು 33.5 ಬಿಎಚ್‌ಪಿ. ಟಾರ್ಕ್ ಒಂದೇ ಆಗಿದ್ದೂ ಪವರ್ ಒಂದೂವರೆ ಪಟ್ಟಿಗಿಂತ ಹೆಚ್ಚು. ಇದು ಹೇಗೆ ಎಂದು ಗೊತ್ತಾದರೆ ನಿನ್ನ ಪ್ರಶ್ನೆಗೆ ಮುಕ್ಕಾಲು ಪಾಲು ಉತ್ತರ ಸಿಕ್ಕ ಹಾಗೆ.

ಬಾವಿಯಿಂದ ನೀರು ಸೇದುವುದನ್ನು ನೆನೆಸಿಕೋ. ಒಂದು ಸಲಕ್ಕೆ ಎಷ್ಟು ದೊಡ್ಡ ಕೊಡ ಎತ್ತುತ್ತೀಯ ಎನ್ನುವುದು ಟಾರ್ಕ್. ನಿಮಿಷಕ್ಕೆ ಎಷ್ಟು ಸಲ ಸೇದುತ್ತೀಯ ಎನ್ನುವುದು ಆರ್‌ಪಿಎಂ, ಅಂದರೆ ಎಂಜಿನ್ ನಿಮಿಷಕ್ಕೆ ಹಾಕುವ ಸುತ್ತು. ನಿಮಿಷಕ್ಕೆ ಒಟ್ಟು ಎಷ್ಟು ನೀರು ಮೇಲೆ ಬಂತು ಎನ್ನುವುದು ಪವರ್. ಲೆಕ್ಕದಲ್ಲಿ ಹೇಳುವುದಾದರೆ, ನ್ಯೂಟನ್ ಮೀಟರನ್ನು ಆರ್‌ಪಿಎಂನಿಂದ ಗುಣಿಸಿ 7121ರಿಂದ ಭಾಗಿಸಿದರೆ ಬಿಎಚ್‌ಪಿ ಬರುತ್ತದೆ. ಎರಡೂ ಬೇರೆ ಬೇರೆ ಶಕ್ತಿಗಳಲ್ಲ. ಒಂದು ಗೊತ್ತಿದ್ದು ಆರ್‌ಪಿಎಂ ಗೊತ್ತಿದ್ದರೆ ಇನ್ನೊಂದು ತಾನಾಗಿ ಗೊತ್ತಾಗುತ್ತದೆ. ಹಾಗಾಗಿ ಬ್ರೋಷರಿನಲ್ಲಿ ದಪ್ಪಕ್ಷರದ ಸಂಖ್ಯೆಗಿಂತ ಅದರ ಪಕ್ಕದಲ್ಲಿ ಸಣ್ಣದಾಗಿ ಅಚ್ಚಾಗಿರುವ ಆರ್‌ಪಿಎಂ ಮುಖ್ಯ. ಕ್ಲಾಸಿಕ್ ತನ್ನ 27 ಕೊಡುವುದು 4000 ಆರ್‌ಪಿಎಂನಲ್ಲಿ, ಅಪಾಚೆ ತನ್ನ 27.3 ಕೊಡುವುದು 7700ರಲ್ಲಿ.

"ಸ್ಟ್ರೋಕ್ ಉದ್ದ ಇದ್ದರೆ ಟಾರ್ಕ್ ಜಾಸ್ತಿ" ಎನ್ನುವ ಮಾತನ್ನೂ ನೀನು ಕೇಳಿರುತ್ತೀಯ. ಗ್ಯಾರೇಜುಗಳಲ್ಲಿ ಇದು ವೇದವಾಕ್ಯ, ಆದರೆ ಸರಿಯಲ್ಲ. ಕ್ಲಾಸಿಕ್‌ನ ಬೋರ್ 72 ಮಿ.ಮೀ., ಸ್ಟ್ರೋಕ್ 85.8. ಅಪಾಚೆಯದ್ದು ತಿರುಗಾಮುರುಗಾ: ಬೋರ್ 80, ಸ್ಟ್ರೋಕ್ 62.1. ಆದರೂ ಟಾರ್ಕ್ ಒಂದೇ. ಟಾರ್ಕನ್ನು ಮುಖ್ಯವಾಗಿ ನಿರ್ಧರಿಸುವುದು ಒಂದು ಸುತ್ತಿಗೆ ಸಿಲಿಂಡರಿನೊಳಗೆ ಎಷ್ಟು ಗಾಳಿ-ಪೆಟ್ರೋಲ್ ತುಂಬಿ ಉರಿಯುತ್ತದೆ ಎನ್ನುವುದು, ಅಂದರೆ ಸಿಸಿ ಮತ್ತು ಎಂಜಿನ್ ಎಷ್ಟು ಚೆನ್ನಾಗಿ ಉಸಿರಾಡುತ್ತದೆ ಎನ್ನುವುದು. ಸ್ಟ್ರೋಕ್ ಉದ್ದವಾದರೆ ಪಿಸ್ಟನ್ ಪ್ರತಿ ಸುತ್ತಿಗೂ ದೂರ ಓಡಬೇಕು, ಅದಕ್ಕೇ ಅಂಥ ಎಂಜಿನ್ ಹೆಚ್ಚು ಆರ್‌ಪಿಎಂಗೆ ಹೋಗಲು ಒಲ್ಲದು. ಬೋರ್ ಅಗಲವಾದರೆ ದೊಡ್ಡ ವಾಲ್ವ್‌ಗಳಿಗೆ ಜಾಗ ಸಿಗುತ್ತದೆ, ಮೇಲಿನ ಆರ್‌ಪಿಎಂನಲ್ಲೂ ಉಸಿರು ಕಟ್ಟುವುದಿಲ್ಲ. ಯಾವ ಆರ್‌ಪಿಎಂನಲ್ಲಿ ಸಿಲಿಂಡರ್ ಚೆನ್ನಾಗಿ ತುಂಬಬೇಕು ಎನ್ನುವುದನ್ನು ವಾಲ್ವ್ ತೆರೆಯುವ ಕ್ಯಾಮ್ ಮಾಡಿದವನು ಮೊದಲೇ ತೀರ್ಮಾನಿಸಿರುತ್ತಾನೆ. ಎಲ್ಲ ಕಡೆ ಚೆನ್ನಾಗಿರುವುದು ಕಷ್ಟ. ಒಂದು ಕಡೆ ಕೊಟ್ಟರೆ ಇನ್ನೊಂದು ಕಡೆ ಬಿಡಬೇಕು.

ಈಗ ರಸ್ತೆಗೆ ಬಾ. ನೀನು ವಾರಕ್ಕೊಮ್ಮೆ ತೀರ್ಥಹಳ್ಳಿಯಿಂದ ಉಡುಪಿಗೆ ಹೋಗಿ ಬರುವವನು. ಆಗುಂಬೆ ಘಾಟಿಯ ಹೇರ್‌ಪಿನ್ ತಿರುವುಗಳು, ಮುಂದೆ ಬಸ್ಸು, ಮೇಲೆ ಮಳೆ, ಹಿಂದೆ ಯಾರಾದರೂ ಕೂತಿರುತ್ತಾರೆ. ಅಲ್ಲಿ ಎಂಜಿನ್ ಸುತ್ತುವುದು ಮೂರು, ನಾಲ್ಕು ಸಾವಿರದಲ್ಲಿ. ಕ್ಲಾಸಿಕ್ 4000ದಲ್ಲೇ ಸುಮಾರು 15 ಬಿಎಚ್‌ಪಿ ಕೊಡುತ್ತಿರುತ್ತದೆ, ಅಂದರೆ ತನ್ನಲ್ಲಿರುವುದರ ಮುಕ್ಕಾಲು ಪಾಲು ಆಗಲೇ ನಿನ್ನ ಕೈಯಲ್ಲಿದೆ. ಥ್ರಾಟಲ್ ತುಸು ತಿರುವಿದರೆ ಸಾಕು, ಗೇರ್ ಇಳಿಸದೆ ಏರು ಹತ್ತುತ್ತದೆ. ಅಪಾಚೆಯ 34 ಇರುವುದು 9700ರಲ್ಲಿ. ಘಾಟಿಯ ತಿರುವಿನಲ್ಲಿ ಅದು ನಿನ್ನ ಕೈಗೆ ಎಟುಕುವಲ್ಲಿ ಇರುವುದಿಲ್ಲ.

ಆದರೆ ನ್ಯಾಯವಾಗಿ ಇದನ್ನೂ ಹೇಳಬೇಕು. ಅದೇ ವೇಗದಲ್ಲಿ ಅಪಾಚೆಯ ಗೇರ್ ಇಳಿಸಿ ಆರ್‌ಪಿಎಂ ಏರಿಸಿದೆಯೆಂದರೆ ಕ್ಲಾಸಿಕ್ ಅದರ ಹತ್ತಿರವೂ ಸುಳಿಯುವುದಿಲ್ಲ. ಯಾವುದೇ ವೇಗದಲ್ಲಿ ಹಿಂದಿನ ಚಕ್ರ ಬೈಕನ್ನು ನೂಕುವ ಬಲ ಆ ಕ್ಷಣಕ್ಕೆ ಚಕ್ರ ಮುಟ್ಟಿದ ಪವರನ್ನು ಆ ವೇಗದಿಂದ ಭಾಗಿಸಿದಷ್ಟೇ. ಎಳೆಯುವುದೂ ಪವರೇ. ನಿನ್ನ ಗೆಳೆಯರ ಮಾತಿನಲ್ಲಿ ಬಿಟ್ಟುಹೋದ ಅರ್ಧ ಇದು. ಕೆಳಗಿನ ಆರ್‌ಪಿಎಂನಲ್ಲೇ ಟಾರ್ಕ್ ಸಿಗುವ ಎಂಜಿನ್ ನಿನಗೆ ಕೊಡುವುದು ಹೆಚ್ಚು ಶಕ್ತಿಯನ್ನಲ್ಲ, ಸಲೀಸನ್ನು. ದಿನಾ ಓಡಾಡುವವನಿಗೆ ಸಲೀಸು ದೊಡ್ಡದು; ನಾನು ಅದಕ್ಕೆ ಹೆಚ್ಚು ಬೆಲೆ ಕೊಡುತ್ತೇನೆ.

ಟ್ರ್ಯಾಕಿನ ಕಥೆಯೇ ಬೇರೆ. ಚೆನ್ನೈ ಪಕ್ಕದ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಹೋಗಬೇಕೆಂಬ ಆಸೆ ನಿನಗಿದೆಯಲ್ಲ, ಖಂಡಿತ ಹೋಗು. ಅಲ್ಲಿ ಎದುರಿನಿಂದ ಬಸ್ಸು ಬರುವುದಿಲ್ಲ, ಎಂಜಿನನ್ನು ಮೇಲಿನ ಆರ್‌ಪಿಎಂನಲ್ಲೇ ಇಟ್ಟುಕೊಂಡು ಸುತ್ತಬಹುದು. ಅಲ್ಲಿ ಹೊಸಬರು ಮಾಡುವ ತಪ್ಪು ಒಂದೇ: ಟಾರ್ಕ್ ತುದಿ ಮುಟ್ಟಿದ ಕೂಡಲೇ ಮೇಲಿನ ಗೇರಿಗೆ ಹೋಗುವುದು. ಅಪಾಚೆ 9700ರಲ್ಲಿರುವಾಗ ಅದರ ಟಾರ್ಕ್ ಸುಮಾರು 24.6ಕ್ಕೆ ಇಳಿದಿರುತ್ತದೆ. ಆದರೂ ಗೇರ್ ಬದಲಿಸಬೇಡ. ಎರಡು ಗೇರುಗಳ ನಡುವೆ 1.2 ಪಟ್ಟು ಅಂತರ ಇದೆ ಎಂದುಕೋ. ಮೇಲಿನ ಗೇರಿಗೆ ಹಾಕಿದರೆ ಆರ್‌ಪಿಎಂ ಸುಮಾರು 8080ಕ್ಕೆ ಬೀಳುತ್ತದೆ. ಅಲ್ಲಿ ಎಂಜಿನ್ 27 ಕೊಟ್ಟರೂ ಚಕ್ರಕ್ಕೆ ಸಿಗುವುದು 1.2ರಿಂದ ಭಾಗಿಸಿದ ಪಾಲು, ಹಳೆಯ ಗೇರಿನ ಲೆಕ್ಕದಲ್ಲಿ ಬರೀ 22.5. ಗೇರ್ ಬದಲಿಸದಿದ್ದರೆ 24.6. ಆದ್ದರಿಂದ ರೇಸ್ ಓಡಿಸುವವರು ಪವರಿನ ತುದಿಯನ್ನೂ ಸ್ವಲ್ಪ ದಾಟಿಸಿ ಗೇರ್ ಬದಲಿಸುತ್ತಾರೆ.

ಹಾಗೆಂದು ಟ್ರ್ಯಾಕಿನಲ್ಲಿ ಎಚ್‌ಪಿಯೊಂದೇ ದೇವರು ಎಂದುಕೊಳ್ಳಬೇಡ. 1992ರಲ್ಲಿ ಹೋಂಡಾ ತನ್ನ ಎನ್‌ಎಸ್‌ಆರ್ 500 ರೇಸ್ ಬೈಕಿನ ನಾಲ್ಕೂ ಸಿಲಿಂಡರುಗಳು ಒಂದರ ಬೆನ್ನಿಗೆ ಒಂದು ಉರಿದು, ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿರುವಂತೆ ಮಾಡಿತು. ಕುದುರೆಗಳ ಸಂಖ್ಯೆ ಹೆಚ್ಚಿಸಲು ಅಲ್ಲ, ತಿರುವಿನಿಂದ ಹೊರಬರುವಾಗ ಹಿಂದಿನ ಟೈರು ಹಿಡಿತ ಬಿಡದಿರಲಿ ಎಂದು. 2004ರಲ್ಲಿ ಯಮಹಾದ ಎಂಜಿನಿಯರ್ ಮಸಾವೊ ಫುರುಸಾವ ತಮ್ಮ ಎಂ1 ರೇಸ್ ಬೈಕಿನ ಕ್ರ್ಯಾಂಕನ್ನೇ ಬದಲಿಸಿದರು. ಪಿಸ್ಟನ್‌ಗಳ ಏರಿಳಿತದಿಂದಲೇ ಹುಟ್ಟುತ್ತಿದ್ದ ಟಾರ್ಕಿನ ಹೊಯ್ದಾಟ ತಗ್ಗಿ, ಥ್ರಾಟಲ್ ತಿರುವಿದ ಕೈಗೆ ಟೈರಿನ ಸ್ಥಿತಿ ನಿಚ್ಚಳವಾಗಿ ತಿಳಿಯತೊಡಗಿತು. ಅದೇ ವರ್ಷ ವ್ಯಾಲೆಂಟಿನೊ ರೋಸ್ಸಿ ಆ ಬೈಕಿನ ಮೇಲೆ ದಕ್ಷಿಣ ಆಫ್ರಿಕಾದ ವೆಲ್ಕಮ್‌ನಲ್ಲಿ ಮೊದಲ ರೇಸನ್ನೇ ಗೆದ್ದ, ಚಾಂಪಿಯನ್ನೂ ಆದ. ರಾಶಿ ಕುದುರೆಗಳನ್ನು ಸಾಕಿಕೊಂಡವರೇ ಟಾರ್ಕ್ ಹೇಗೆ ಬರುತ್ತದೆ ಎಂದು ಇಷ್ಟು ತಲೆ ಕೆಡಿಸಿಕೊಂಡರು. ಮಳೆಗಾಲದ ಘಾಟಿಯಲ್ಲಿ ಹದವಾಗಿ ಬರುವ ಟಾರ್ಕ್ ನಿನಗೂ ಬೇಕು. ಪಾಚಿ ಕಟ್ಟಿದ ತಿರುವಿನಲ್ಲಿ ದಿಢೀರನೆ ನುಗ್ಗುವ ಎಂಜಿನ್ ಒಳ್ಳೆಯದಲ್ಲ, ಮಾರಾಯ.

ಭಾರವನ್ನೂ ಮರೆಯಬೇಡ. ಆರ್‌ಎಕ್ಸ್ 100 ಬಗ್ಗೆ ನಮ್ಮೂರಲ್ಲಿ ಈಗಲೂ ಕಥೆ ಹೇಳುತ್ತಾರಲ್ಲ, ಅದರ ಟಾರ್ಕ್ ಸುಮಾರು 10.4, ಪವರ್ 11 ಬಿಎಚ್‌ಪಿ. ಬೈಕಿನ ತೂಕ ಬರೀ ನೂರು ಕಿಲೋ ಆಸುಪಾಸು, ಅದಕ್ಕೇ ಹಾರುತ್ತಿತ್ತು. ಕ್ಲಾಸಿಕ್ 195 ಕಿಲೋ. ಅಪಾಚೆ ಸುಮಾರು 170.

ಬೈಕ್ ತಗೊಂಡ ಮೇಲೆ ಯಾರಾದರೂ "ಹಿಂದಿನ ಸ್ಪ್ರಾಕೆಟ್ ದೊಡ್ಡದು ಹಾಕಿಸು, ಟಾರ್ಕ್ ಬರುತ್ತೆ" ಅಂದರೆ ಅರ್ಥ ಮಾಡಿಕೋ. 40 ಹಲ್ಲಿನ ಜಾಗಕ್ಕೆ 42 ಹಾಕಿದರೆ ಚಕ್ರದಲ್ಲಿ ಟಾರ್ಕ್ ಶೇ 5ರಷ್ಟು ಹೆಚ್ಚುತ್ತದೆ, ನಿಜ. ಆದರೆ ಪವರ್ ಒಂದು ಚೂರೂ ಹೆಚ್ಚುವುದಿಲ್ಲ, ಹೆದ್ದಾರಿಯಲ್ಲಿ ಎಂಜಿನ್ ಅಷ್ಟೇ ಹೆಚ್ಚು ಕೂಗುತ್ತದೆ. ಚಕ್ರದ ಟಾರ್ಕನ್ನು ಹಲ್ಲು ಎಣಿಸಿ ಪಡೆಯಬಹುದು. ಪವರನ್ನು ಹಾಗೆ ಪಡೆಯಲಾಗದು.

ನನ್ನ ಅಭಿಪ್ರಾಯ ಕೇಳಿದರೆ, ನಿನ್ನ ಈಗಿನ ಓಡಾಟಕ್ಕೆ ಕ್ಲಾಸಿಕ್ ಸರಿ. ವರ್ಷಕ್ಕೆ ನಾಲ್ಕಾರು ಸಲ ಟ್ರ್ಯಾಕಿಗೆ ಹೋಗಿಯೇ ಹೋಗುತ್ತೀಯ ಎಂದಾದರೆ ಅಪಾಚೆ ತಗೋ, ಗೇರ್ ಆಡಿಸುವುದನ್ನು ಕಲಿ. ತೀರ್ಮಾನಕ್ಕೆ ಮುಂಚೆ ಎರಡನ್ನೂ ಓಡಿಸಿ ನೋಡು. ಪೇಟೆಯೊಳಗೆ ಒಂದು ಸುತ್ತು ಹೊಡೆದು ಬಂದರೆ ಸಾಲದು. ಒಂದು ಏರು ಹುಡುಕಿ, ಮೂರನೇ ಗೇರಿನಲ್ಲಿ 40 ಕಿ.ಮೀ. ವೇಗದಿಂದ ಥ್ರಾಟಲ್ ತಿರುವಿ ನೋಡು: ಎಳೆಯುತ್ತದೋ, ನಡುಗುತ್ತದೋ, ಗೇರ್ ಇಳಿಸು ಎಂದು ಕೇಳುತ್ತದೋ. ಆಮೇಲೆ ಅದೇ ಏರನ್ನು ತಂಗಿಯನ್ನು ಹಿಂದೆ ಕೂರಿಸಿಕೊಂಡು ಇನ್ನೊಮ್ಮೆ ಹತ್ತು. ಹೆಲ್ಮೆಟ್ ಅವಳಿಗೂ ಇರಲಿ.