ಮಿಡಿಯುವ ಹೃದಯ, ನಿಶ್ಚಲ ಬಿಂಬ

ಮನುಷ್ಯನ ಹೃದಯವು ನಿಮಿಷಕ್ಕೆ ಸುಮಾರು 72 ಬಾರಿ ಮಿಡಿಯುತ್ತದೆ. ಹೃದಯದ ಸ್ನಾಯುವಿಗೇ ರಕ್ತವನ್ನು ಒದಗಿಸುವ ಕೊರೊನರಿ ಧಮನಿಗಳು ಅದರ ಮೇಲ್ಮೈಯಲ್ಲಿ ಹರಡಿಕೊಂಡಿವೆ. ಇವುಗಳಲ್ಲೊಂದು ಕಟ್ಟಿಕೊಂಡರೆ, ಶರೀರದ ಬೇರೆಡೆಯ ರಕ್ತನಾಳವೊಂದನ್ನು ಅಡಚಣೆಯ ಆಚೆಗೆ ಹೊಲಿದು ಶಸ್ತ್ರವೈದ್ಯರು ರಕ್ತಕ್ಕೆ ಹೊಸ ಹಾದಿಯನ್ನು ಕಲ್ಪಿಸುತ್ತಾರೆ. ಧಮನಿಯ ವ್ಯಾಸವೋ ಎರಡು ಮಿಲಿಮೀಟರಿನಷ್ಟು; ದಾರವು ಕೂದಲೆಳೆಯಷ್ಟು ತೆಳು. ಮಿಡಿತ ಮಿಡಿತಕ್ಕೂ ಒಂದು ಸೆಂಟಿಮೀಟರಿನಷ್ಟು ಸರಿದಾಡುವ ನಾಳಕ್ಕೆ ಹೊಲಿಗೆ ಹಾಕುವುದೆಂತು?

1953ರಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ ಜಾನ್ ಗಿಬ್ಬನ್ ಎಂಬ ವೈದ್ಯರು ಹೃದಯ ಮತ್ತು ಶ್ವಾಸಕೋಶಗಳ ಕೆಲಸವನ್ನು ಯಂತ್ರವೊಂದಕ್ಕೆ ವಹಿಸಿ, ತರುಣಿಯೊಬ್ಬಳ ಹೃದಯದೊಳಗಿನ ರಂಧ್ರವನ್ನು ಮುಚ್ಚಿದರು. ಇಂಥ ಯಂತ್ರದ ನೆರವಿನಿಂದ ಹೃದಯವನ್ನು ಕೆಲಕಾಲ ನಿಲ್ಲಿಸಿ ಚಿಕಿತ್ಸೆ ನಡೆಸುವುದು ಮುಂದೆ ರೂಢಿಗೆ ಬಂದಿತು. ಅಸಂಖ್ಯಾತ ಜೀವಗಳನ್ನು ಉಳಿಸಿದ ಉಪಾಯವಿದು. ಆದರೆ ರಕ್ತವು ಯಂತ್ರದ ಕೊಳವೆಗಳಲ್ಲಿ ಹರಿದಾಗ ಶರೀರದಲ್ಲಿ ಉರಿಯೂತ ತಲೆದೋರಬಹುದು. ಕೆಲವು ರೋಗಿಗಳು ಆ ಶ್ರಮವನ್ನು ತಾಳಲಾರರು. ಆದುದರಿಂದ ಮಿಡಿಯುವ ಹೃದಯದ ಮೇಲೆಯೇ ಕೆಲಸ ಮಾಡುವ ಪದ್ಧತಿಯೂ ಬೆಳೆಯಿತು. ಹೊಲಿಯಬೇಕಾದ ಜಾಗವನ್ನಷ್ಟೇ ಒಂದು ಉಪಕರಣವು ಹಿಡಿದಿಡುತ್ತದೆ. ಆದರೂ ಅಲ್ಪ ಚಲನೆ ಉಳಿದೇ ಉಳಿಯುತ್ತದೆ.

ಹೃದಯವನ್ನು ನಿಲ್ಲಿಸದೆ ಅದರ ಬಿಂಬವನ್ನು ಮಾತ್ರ ನಿಲ್ಲಿಸಲಾಗದೇ? ಇದು ವಿಜ್ಞಾನಿಗಳು ಕೇಳಿದ ಪ್ರಶ್ನೆ. ಕ್ಯಾಮೆರಾ ಹೃದಯದ ಚಿತ್ರಗಳನ್ನು ಎಡೆಬಿಡದೆ ತೆಗೆಯುತ್ತದೆ. ಕಂಪ್ಯೂಟರು ಪ್ರತಿ ಚಿತ್ರದಲ್ಲಿಯೂ ಗೊತ್ತಾದ ಕೆಲವು ಬಿಂದುಗಳನ್ನು ಗುರುತಿಸಿ, ಅವು ಎಷ್ಟು ಸರಿದವೆಂದು ಲೆಕ್ಕ ಹಾಕಿ, ಚಿತ್ರವನ್ನು ಅಷ್ಟೇ ಹಿಂದಕ್ಕೆ ಸರಿಸುತ್ತದೆ. ಪರದೆಯ ಮೇಲೆ ಹೃದಯವು ನಿಶ್ಚಲವಾಗಿ ತೋರುತ್ತದೆ.

ಆದರೆ ನಿಶ್ಚಲ ಬಿಂಬವೊಂದೇ ಸಾಲದು. ಅಷ್ಟಕ್ಕೇ ನಿಂತರೆ ಅದು ಅಪಾಯಕರವೂ ಹೌದು. ನಿಂತಂತೆ ತೋರುವ ಧಮನಿಗೆ ವೈದ್ಯರು ಸೂಜಿ ಚುಚ್ಚುವಾಗ ನಿಜವಾದ ಧಮನಿ ಬೇರೆಡೆಗೆ ಸರಿದಿರುತ್ತದೆ. ಆದಕಾರಣ ಸೂಜಿ ಹಿಡಿದ ಯಂತ್ರದ ಕೈ ಹೃದಯದೊಡನೆಯೇ ಏರಿಳಿಯಬೇಕು. ವೈದ್ಯರು ಅದನ್ನು ತುಸು ದೂರದಲ್ಲಿ ಕುಳಿತು ನಡೆಸುತ್ತಾರೆ.

2001ರಲ್ಲಿ ಜಪಾನಿನ ಯೋಷಿಹಿಕೊ ನಾಕಾಮುರಾ ಮತ್ತು ಸಂಗಡಿಗರು ಈ ಬಗೆಯ ಪ್ರಯೋಗವನ್ನು ಪ್ರಕಟಿಸಿದರು. ಕೆಲವೇ ವರ್ಷಗಳಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದ ಸಂಶೋಧಕರು ಸೆಕೆಂಡಿಗೆ 500 ಚಿತ್ರ ತೆಗೆಯುವ ಕ್ಯಾಮೆರಾವನ್ನು ಬಳಸಿ ಹಂದಿಗಳ ಮೇಲೆ ಪ್ರಯೋಗ ನಡೆಸಿದರು. ಅಂದರೆ ಎರಡು ಮಿಲಿಸೆಕೆಂಡಿಗೆ ಒಂದು ಚಿತ್ರ! ಇಷ್ಟು ವೇಗವಿದ್ದರೂ, ನೋಡಿ ಲೆಕ್ಕ ಹಾಕಿ ಯಂತ್ರದ ಕೈಯನ್ನು ಚಲಿಸುವಷ್ಟರಲ್ಲಿ ಹೃದಯ ಮುಂದೆ ಸಾಗಿರುತ್ತದೆ. ಆದ್ದರಿಂದ ಮುಂದಿನ ಚಲನೆಯನ್ನು ಊಹಿಸಲೇಬೇಕು. ಮಿಡಿತ ಮತ್ತು ಉಸಿರಾಟಗಳೆರಡೂ ಲಯಬದ್ಧವಾಗಿರುವುದರಿಂದ ಅವುಗಳ ಚಲನೆಯನ್ನು ಬೇರ್ಪಡಿಸಿ ಊಹಿಸುವುದು ಸಾಧ್ಯವಾಯಿತು.

ತೊಡಕುಗಳು ಮುಗಿದಿಲ್ಲ. ಒದ್ದೆಯಾದ ಹೃದಯದ ಮೇಲೆ ದೀಪದ ಬೆಳಕು ಥಳಥಳಿಸಿ ಬಿಂದುಗಳನ್ನು ಮರೆಸುತ್ತದೆ. ರಕ್ತವೂ ಉಪಕರಣಗಳೂ ಅಡ್ಡ ಬರುತ್ತವೆ. ಎಲ್ಲಕ್ಕಿಂತ ಕಠಿನವಾದುದು ಲಯ ತಪ್ಪಿದ ಮಿಡಿತ. ರೋಗಗ್ರಸ್ತ ಹೃದಯದಲ್ಲಿ ಇದು ಅಪರೂಪವೇನಲ್ಲ. ಆ ಕ್ಷಣದಲ್ಲಿ ಊಹೆ ಸುಳ್ಳಾಗುತ್ತದೆ. ಅದನ್ನು ಕಂಪ್ಯೂಟರು ಅರಿತು, ಧಮನಿ ಹರಿಯುವ ಮೊದಲೇ ಸೂಜಿಯನ್ನು ತಡೆಯಬೇಕು.