ಮಾಯದ ಹುಣ್ಣು ಮತ್ತು ಯಂತ್ರದ ನೆರವು

ಸಕ್ಕರೆ ಕಾಯಿಲೆಯಿದ್ದೂ ಬರಿಗಾಲಿನಲ್ಲಿಯೇ ಹೊಲಕ್ಕೆ ನಡೆಯುವ, ದೊಡ್ಡಬಳ್ಳಾಪುರದ ಬಳಿಯ ರಾಜಘಟ್ಟದ ಹಿರಿಯರಿಗೂ, ಅವರ ಅಂಗಾಲಿನ ಹುಣ್ಣಿಗೆ ಅರಿಸಿನ ಮೆತ್ತಿ ತಿಂಗಳುಗಟ್ಟಲೆ ಕಾಯುವ ಮನೆಮಂದಿಗೂ ಹೇಳಬೇಕಾದ ಮಾತೊಂದಿದೆ: ನೋವಿಲ್ಲವೆಂದು ಸಮಾಧಾನಪಡಬೇಡಿ, ನರಗಳು ಸ್ಪರ್ಶಜ್ಞಾನವನ್ನು ಕಳೆದುಕೊಂಡಾಗಲೂ ನೋವು ತೋರದು.

ಇಂತಹ ಗಾಯಗಳಿಗೆ ಆಸ್ಪತ್ರೆಗಳಲ್ಲಿ ‘ವ್ಯಾಕ್’ ಎನ್ನುವ ಯಂತ್ರವೊಂದು ಈಗ ಬಳಕೆಯಲ್ಲಿದೆ. ಹುಣ್ಣಿನ ಕುಳಿಗೆ ಸ್ಪಂಜನ್ನಿರಿಸಿ, ಮೇಲೆ ಗಾಳಿಯಾಡದಂತೆ ತೆಳುಹಾಳೆಯನ್ನಂಟಿಸಿ, ಕೊಳವೆಯ ಮೂಲಕ ಸಾಮಾನ್ಯವಾಗಿ 125 ಮಿಲಿಮೀಟರ್ ಪಾದರಸದಷ್ಟು ಸೆಳೆತವನ್ನುಂಟುಮಾಡಲು, ಒಸರುವ ನೀರು ಹೊರಬಂದು, ಊತವಿಳಿದು, ಹೊಸ ಮಾಂಸಾಂಕುರಗಳು ಮೂಡುವುದಕ್ಕೆ ಅನುಕೂಲವಾಗುವುದು. ಆದರೆ ಸತ್ತ ಮಾಂಸವನ್ನು ಮೊದಲೇ ತೆಗೆಯದಿದ್ದಲ್ಲಿ, ಇಲ್ಲವೆ ಕಾಲಿಗೆ ರಕ್ತವೇ ಸರಿಯಾಗಿ ಹರಿಯದಿದ್ದಲ್ಲಿ, ಇದರಿಂದ ಅಪಾಯವೂ ಉಂಟು. ಆದುದರಿಂದ ಯಂತ್ರಕ್ಕೆ ಒಪ್ಪುವ ಮುನ್ನ ರಕ್ತನಾಳಗಳ ಪರೀಕ್ಷೆಯಾಯಿತೇ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿರಿ; ರಕ್ತವನ್ನು ತೆಳುವಾಗಿಸುವ ಗುಳಿಗೆ ನುಂಗುತ್ತಿದ್ದರೆ ಅದನ್ನೂ ಮರೆಮಾಚದಿರಿ.

ನನ್ನ ಎಣಿಕೆಯಲ್ಲಿ ಯಂತ್ರಕ್ಕಿಂತಲೂ ಹಿರಿದಾದುದು ಪಾದದ ಮೇಲಣ ಭಾರವನ್ನಿಳಿಸುವ ಉಪಾಯ. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಶುಶ್ರೂಷೆಗೈದ ಶಸ್ತ್ರವೈದ್ಯ ಪಾಲ್ ಬ್ರಾಂಡರು, ಹುಣ್ಣು ಮಾಯದಿರುವುದು ರೋಗಾಣುವಿಗಿಂತ ಹೆಚ್ಚಾಗಿ, ನೋವರಿಯದ ಪಾದ ಮತ್ತೆಮತ್ತೆ ತಾಳುವ ಒತ್ತಡದಿಂದಲೆಂಬುದನ್ನು ಮನಗಾಣಿಸಿದರು. ಸಕ್ಕರೆ ಕಾಯಿಲೆಯಿಂದ ನೋವರಿಯದಾದ ಪಾದಕ್ಕೂ ಈ ಮಾತು ಸಲ್ಲುತ್ತದೆ. ಪಾದಕ್ಕೆ ಒಪ್ಪುವ ಪ್ಲಾಸ್ಟರ್ ಕಟ್ಟು ಒತ್ತಡವನ್ನು ಹಂಚಿ ಹುಣ್ಣನ್ನು ಮಾಯಿಸುತ್ತದೆ. ಮಾದ ಮೇಲೆ ಮೆತ್ತನೆಯ ಎಂಸಿಆರ್ (ಸೂಕ್ಷ್ಮರಂಧ್ರಗಳ ರಬ್ಬರಿನ) ಚಪ್ಪಲಿ ಅದು ಮರುಕಳಿಸದಂತೆ ಕಾಯುತ್ತದೆ. ಇವೆರಡರ ಬೆಲೆಯೋ, ಯಂತ್ರದ ಬಾಡಿಗೆಯ ಮುಂದೆ ಅಲ್ಪವೇ ಸರಿ.

ಹುಣ್ಣು ಕಂಡರೆ ತಡಮಾಡದೆ ದೊಡ್ಡಬಳ್ಳಾಪುರದ ಸರ್ಕಾರಿ ಆಸ್ಪತ್ರೆಗೆ ತೋರಿಸಿರಿ. ಪಾದ ಕಪ್ಪಾದರೆ, ದುರ್ವಾಸನೆಯೋ ಜ್ವರವೋ ಕಂಡರೆ, ಅಂದೇ ಹೊರಡಿರಿ.