ಹದಿನೈದು ಐವತ್ತಾದದ್ದು ಹೇಗೆ? ಕೊಠಡಿಯ ಅನುರಣನೆ ಕುರಿತು ಒಂದು ಪಾಠ

ಕಳೆದ ಮಳೆಗಾಲದ ಒಂದು ದಿನ. ಪ್ರಥಮ ಪಿಯುಸಿ ತರಗತಿಗೆ ಒಂದು ಲೆಕ್ಕ ಬರೆಸುತ್ತಿದ್ದೆ. ವೇಗ 'ಫಿಫ್ಟೀನ್ ಮೀಟರ್ ಪರ್ ಸೆಕೆಂಡ್' ಎಂದು ಹೇಳಿದ್ದು ಸರಿಯಾಗಿ ನೆನಪಿದೆ. ನೋಟ್‌ಪುಸ್ತಕ ನೋಡುವಾಗ ಮುಂದಿನ ಸಾಲಿನವರು 15 ಬರೆದಿದ್ದರು, ಹಿಂದಿನ ಎರಡು ಸಾಲಿನವರು 50 ಬರೆದಿದ್ದರು. ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆದಿದ್ದಾರೆಂದು ಮೊದಲು ಗದರಿದೆ. ಆಮೇಲೆ ನೋಡಿದರೆ ಗೋಡೆಯ ಈ ಬದಿಯವರೂ ಆ ಬದಿಯವರೂ ಅದೇ ತಪ್ಪು ಮಾಡಿದ್ದರು. ನಡುವೆ ನಾಲ್ಕು ಖಾಲಿ ಬೆಂಚು. ತಪ್ಪು ಮಕ್ಕಳದ್ದಲ್ಲ, ಕೊಠಡಿಯದ್ದು ಎಂದು ತಿಳಿಯಲು ನನಗೆ ಸ್ವಲ್ಪ ಸಮಯ ಬೇಕಾಯಿತು. ಗದರಿದ್ದಕ್ಕೆ ಮರುದಿನ ಅವರ ಹತ್ತಿರ ಹೇಳಿಕೊಂಡೆ. ಈ ಪಾಠ ಅದರ ಮುಂದುವರಿಕೆ.

ಮಾತನಾಡುವವರ ಬಾಯಿಯಿಂದ ಹೊರಟ ಶಬ್ದ ಕೇಳುವವರ ಕಿವಿಗೆ ಒಂದೇ ಸಲ ಬರುವುದಿಲ್ಲ. ಮೊದಲು ನೇರವಾಗಿ ಬರುತ್ತದೆ. ಬಳಿಕ ಚಾವಣಿಗೆ ಬಡಿದದ್ದು, ಗೋಡೆಗೆ ಬಡಿದದ್ದು, ಗೋಡೆಯಿಂದ ನೆಲಕ್ಕೆ ಹೋಗಿ ಮತ್ತೆ ಗೋಡೆಗೆ ಬಡಿದದ್ದು, ಹೀಗೆ ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. ಎರಡು ಶಬ್ದಗಳ ನಡುವೆ ಸುಮಾರು 0.1 ಸೆಕೆಂಡ್ ಅಂತರ ಇದ್ದರೆ ಕಿವಿ ಅವನ್ನು ಬೇರೆ ಬೇರೆಯಾಗಿ ಗುರುತಿಸುತ್ತದೆ. ಅದೇ ಪ್ರತಿಧ್ವನಿ. ಗೋಡೆ ಕನಿಷ್ಠ 17 ಮೀಟರ್ ದೂರ ಇರಬೇಕೆಂದು ಹೈಸ್ಕೂಲಿನಲ್ಲಿ ಓದಿದ್ದೀರಿ. ನಮ್ಮ ತರಗತಿಯ ಉದ್ದ 9 ಮೀಟರ್ ಮಾತ್ರ. ಶಬ್ದ ಹೋಗಿ ಬರಲು 0.05 ಸೆಕೆಂಡ್ ಸಾಕು. ಆದ್ದರಿಂದ ಇಲ್ಲಿ ಪ್ರತಿಧ್ವನಿ ಬಿಡಿಬಿಡಿಯಾಗಿ ಕೇಳುವುದಿಲ್ಲ. ಎಲ್ಲವೂ ಒಂದರ ಬಾಲಕ್ಕೆ ಇನ್ನೊಂದು ಅಂಟಿಕೊಂಡು, ಮಾತು ನಿಂತ ಮೇಲೂ 'ಗುಂಯ್' ಎಂದು ಉಳಿಯುತ್ತದೆ. ಇದು ಅನುರಣನೆ.

ಪ್ರತಿಧ್ವನಿಗೆ ನಮ್ಮ ರಾಜ್ಯದಲ್ಲೇ ಇರುವ ದೊಡ್ಡ ಉದಾಹರಣೆ ವಿಜಯಪುರದ ಗೋಲಗುಮ್ಮಟ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹ್‌ನ ಸಮಾಧಿ ಅದು. ಗುಮ್ಮಟದ ಒಳ ವ್ಯಾಸ ಸುಮಾರು 38 ಮೀಟರ್. ಪ್ರವಾಸಕ್ಕೆ ಹೋದವರೆಲ್ಲ ಮೇಲಿನ ಮೊಗಸಾಲೆಯಲ್ಲಿ ಚಪ್ಪಾಳೆ ತಟ್ಟಿ ಏಳು ಸಲ, ಹತ್ತು ಸಲ ಎಂದು ಎಣಿಸಿಯೇ ಇಳಿಯುತ್ತಾರೆ. ಶಬ್ದ ಆಚೆ ಬದಿಗೆ ಹೋಗಿ ಮರಳಲು 76 ಮೀಟರ್ ಸಾಗಬೇಕು. 343ರಿಂದ ಭಾಗಿಸಿದರೆ 0.22 ಸೆಕೆಂಡ್. 0.1ಕ್ಕಿಂತ ಹೆಚ್ಚಾದ್ದರಿಂದಲೇ ಎಣಿಸಲು ಬರುತ್ತದೆ. ಇನ್ನು ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಬದಿಯವರಿಗೆ ಕೇಳುವುದು ಬೇರೆ ಸಂಗತಿ. ಅಲ್ಲಿ ಶಬ್ದ ಬಾಗಿದ ಗೋಡೆಗೆ ಅಂಟಿಕೊಂಡಂತೆ ಸುತ್ತು ಹೊಡೆಯುತ್ತದೆ. ಗಮನಿಸಬೇಕಾದ ಮಾತೆಂದರೆ, ಅಷ್ಟು ಸಲ ಕೇಳುವುದಕ್ಕೆ ಗಾತ್ರ ಒಂದೇ ಸಾಲದು, ಗಟ್ಟಿ ಗಾರೆಯ ಮೈಯೂ ಬೇಕು. ಪ್ರತಿ ಸಲ ಬಡಿದಾಗಲೂ ಅದು ಶಬ್ದದ ಬಹುಪಾಲನ್ನು ಹಿಂದಕ್ಕೆ ಕೊಡುತ್ತದೆ. ಅಲ್ಲಿ ನಿಂತು ಪಾಠ ಮಾಡಲು ಮಾತ್ರ ಯಾರಿಗೂ ಆಗದು.

ಕಿವಿಗೆ ತೊಂದರೆ ಏನೆಂದು ನೋಡೋಣ. ಕಲೆ, ತಲೆ, ಬಲೆ, ಮಲೆ. ಈ ನಾಲ್ಕು ಪದಗಳಲ್ಲಿ ಸ್ವರಗಳೆಲ್ಲ ಒಂದೇ. ಬದಲಾಗಿರುವುದು ಮೊದಲ ವ್ಯಂಜನ. ಸ್ವರಕ್ಕೆ ಶಕ್ತಿ ಜಾಸ್ತಿ, ಉದ್ದವೂ ಜಾಸ್ತಿ. ವ್ಯಂಜನ ಸಣ್ಣದು, ಕ್ಷೀಣ, ಸೆಕೆಂಡಿನ ಸಣ್ಣ ಭಾಗದಲ್ಲಿ ಮುಗಿದು ಹೋಗುತ್ತದೆ. ಆದರೆ ಅರ್ಥವನ್ನು ಹೊತ್ತಿರುವುದು ಅದೇ. ಅನುರಣನೆ ಹೆಚ್ಚಿರುವ ಕೊಠಡಿಯಲ್ಲಿ ಹಿಂದಿನ ಸ್ವರದ ಬಾಲ ಮುಂದಿನ ವ್ಯಂಜನದ ಮೇಲೆ ಬಿದ್ದು ಅದನ್ನು ಮುಚ್ಚುತ್ತದೆ. 'ಫಿಫ್ಟೀನ್' ಪದದ ಕೊನೆಯ 'ನ್' ಮುಚ್ಚಿಹೋದರೆ ಉಳಿಯುವುದು 'ಫಿಫ್ಟೀ'. ಹದಿನೈದು ಐವತ್ತಾಗಲು ಅಷ್ಟೇ ಸಾಕು.

ಮನೆಮಾತಿನಲ್ಲಿ ಅರ್ಧ ಪದ ಕೇಳಿದರೂ ಉಳಿದರ್ಧವನ್ನು ನಾವೇ ತುಂಬಿಕೊಳ್ಳುತ್ತೇವೆ. ಕಲಿತ ಭಾಷೆಯಲ್ಲಿ ಹಾಗೆ ತುಂಬಿಕೊಳ್ಳುವುದು ಕಷ್ಟ. ನಮ್ಮಲ್ಲಿ ಮನೆಯಲ್ಲಿ ಉರ್ದು ಅಥವಾ ಬ್ಯಾರಿ ಮಾತನಾಡಿ, ಹತ್ತನೆಯವರೆಗೆ ಕನ್ನಡದಲ್ಲಿ ಓದಿ, ಇಲ್ಲಿ ಇಂಗ್ಲಿಷಿನಲ್ಲಿ ಭೌತಶಾಸ್ತ್ರ ಕೇಳುವವರು ಎಷ್ಟು ಮಂದಿ ಇದ್ದೀರಿ ಎಂದು ನಿಮಗೇ ಗೊತ್ತು. ಕಿವಿ ಸ್ವಲ್ಪ ಮಂದ ಇದ್ದು ಹೇಳಿಕೊಳ್ಳಲು ನಾಚುವವರೂ ಇರುತ್ತಾರೆ. ಒಂದೇ ಕೊಠಡಿ, ಒಂದೇ ಪಾಠ ಆದರೂ ನಷ್ಟ ಎಲ್ಲರಿಗೂ ಒಂದೇ ಸಮ ಅಲ್ಲ. 'ಹಿಂದಿನ ಬೆಂಚಿನವರಿಗೆ ಗಮನ ಇಲ್ಲ' ಎಂದು ನಾವು ಅಧ್ಯಾಪಕರು ಸ್ಟಾಫ್ ರೂಮಿನಲ್ಲಿ ಸುಲಭವಾಗಿ ಹೇಳಿಬಿಡುತ್ತೇವೆ.

ಈ ತೊಂದರೆಯನ್ನು ಮೊದಲು ಲೆಕ್ಕಕ್ಕೆ ತಂದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ತರುಣ ಅಧ್ಯಾಪಕ ವ್ಯಾಲೇಸ್ ಸೇಬಿನ್. 1895ರಲ್ಲಿ ಅಲ್ಲಿ ಫಾಗ್ ಮ್ಯೂಸಿಯಮ್ಮಿನ ಹೊಸ ಉಪನ್ಯಾಸ ಸಭಾಂಗಣ ತೆರೆದಾಗ ಒಳಗೆ ಮಾತೇ ಅರ್ಥವಾಗುತ್ತಿರಲಿಲ್ಲ. ಒಂದು ಶಬ್ದ ಅಡಗಲು 5.5 ಸೆಕೆಂಡ್ ಹಿಡಿಯುತ್ತಿತ್ತು. ಸೇಬಿನ್ ರಾತ್ರಿ ಊರು ಮಲಗಿದ ಮೇಲೆ ಹತ್ತಿರದ ರಂಗಮಂದಿರದಿಂದ ಕುರ್ಚಿಯ ಮೆತ್ತೆಗಳನ್ನು ಹೊರಿಸಿ ತಂದು, ಸಭಾಂಗಣದಲ್ಲಿ ಸ್ವಲ್ಪ ಸ್ವಲ್ಪವಾಗಿ ಹರಡಿ, ಆರ್ಗನ್ ಕೊಳವೆ ಊದಿಸಿ, ಸದ್ದು ಅಡಗುವ ಕಾಲವನ್ನು ಅಳೆದರು. ಬೆಳಗಾಗುವುದರೊಳಗೆ ಮೆತ್ತೆಗಳನ್ನು ವಾಪಸು ಇಡಬೇಕಿತ್ತು. ಅವರ ಉಪಕರಣ ಅವರ ಕಿವಿಯೇ. ಕೊನೆಗೆ ಸಿಕ್ಕ ಸೂತ್ರ ಇಷ್ಟು ಸರಳ:

ಅನುರಣನೆಯ ಕಾಲ = 0.161 × ಕೊಠಡಿಯ ಘನಫಲ ÷ ಒಟ್ಟು ಹೀರಿಕೆ

ಶಬ್ದ 60 ಡೆಸಿಬೆಲ್ ಇಳಿಯಲು, ಅಂದರೆ ಅದರ ತೀವ್ರತೆ ಹತ್ತು ಲಕ್ಷದಲ್ಲಿ ಒಂದು ಪಾಲಾಗಲು, ಬೇಕಾಗುವ ಸೆಕೆಂಡುಗಳೇ ಅನುರಣನೆಯ ಕಾಲ. ಒಟ್ಟು ಹೀರಿಕೆ ಎಂದರೆ ಪ್ರತಿ ಮೈಯ ವಿಸ್ತೀರ್ಣವನ್ನು ಅದರ ಹೀರಿಕೆಯ ಗುಣಾಂಕದಿಂದ ಗುಣಿಸಿ ಕೂಡಿಸಿದ ಮೊತ್ತ. ತೆರೆದ ಕಿಟಕಿಯಿಂದ ಹೊರಗೆ ಹೋದ ಶಬ್ದ ಮರಳಿ ಬರುವುದಿಲ್ಲವಾದ್ದರಿಂದ ಅದರ ಗುಣಾಂಕ 1. ಬಣ್ಣ ಬಳಿದ ಸಿಮೆಂಟ್ ಗೋಡೆಗೂ ಟೈಲ್ಸ್ ನೆಲಕ್ಕೂ ಬರೀ 0.02, 0.03.

ನಮ್ಮ ಕೊಠಡಿಗೆ ಇದನ್ನು ಹಾಕಿ ನೋಡೋಣ. ಉದ್ದ 9, ಅಗಲ 7, ಎತ್ತರ 3.5 ಮೀಟರ್. ಘನಫಲ ಸುಮಾರು 220 ಘನ ಮೀಟರ್. ಗೋಡೆ, ನೆಲ, ಚಾವಣಿ ಸೇರಿ 238 ಚದರ ಮೀಟರ್. 0.03ರಿಂದ ಗುಣಿಸಿದರೆ 7. ಬೆಂಚು, ಬಾಗಿಲು, ಬೋರ್ಡಿಗೆಂದು ಒಂದು 4 ಸೇರಿಸಿ. ಒಟ್ಟು 11. ಖಾಲಿ ಕೊಠಡಿಯ ಅನುರಣನೆಯ ಕಾಲ 3.2 ಸೆಕೆಂಡ್ ಬರುತ್ತದೆ. ಈಗ ವಿದ್ಯಾರ್ಥಿಗಳನ್ನು ಒಳಗೆ ಕರೆಯಿರಿ. ಬಟ್ಟೆ ತೊಟ್ಟು ಕುಳಿತ ಒಬ್ಬರು ಸುಮಾರು 0.4ರಷ್ಟು ಹೀರುತ್ತಾರೆ. ಅರವತ್ತು ಮಂದಿ ಕುಳಿತರೆ 24 ಸೇರಿ ಹೀರಿಕೆ 35 ಆಗುತ್ತದೆ, ಕಾಲ 1 ಸೆಕೆಂಡಿಗೆ ಇಳಿಯುತ್ತದೆ. 6 ಚದರ ಮೀಟರಿನಷ್ಟು ಕಿಟಕಿ ತೆರೆದರೆ 0.86. ಇಷ್ಟು ಗಾತ್ರದ ತರಗತಿಗೆ 0.6 ಸೆಕೆಂಡ್ ಒಳ್ಳೆಯದೆಂದು ಹೇಳುತ್ತಾರೆ. ಅದಕ್ಕೆ ಸ್ವಲ್ಪ ದೂರ ಇದ್ದರೂ ಪಾಠ ನಡೆಯುತ್ತದೆ.

ಇನ್ನು ಆ ಮಳೆಯ ದಿನಕ್ಕೆ ಬನ್ನಿ. ಎರಚಲು ಹೊಡೆಯುತ್ತದೆಂದು ಕಿಟಕಿಗಳೆಲ್ಲ ಮುಚ್ಚಿದ್ದವು. ಬಸ್ಸು ಸಿಗದೆ ಬಂದದ್ದು ಇಪ್ಪತ್ತೇ ಮಂದಿ. ಹೀರಿಕೆ 11 ಮತ್ತು 8, ಒಟ್ಟು 19. ಕಾಲ 1.9 ಸೆಕೆಂಡ್. ತುಂಬಿದ ತರಗತಿಯ ಎರಡರಷ್ಟು! ಕಡಿಮೆ ಜನ ಇದ್ದರೆ ಚೆನ್ನಾಗಿ ಕೇಳುತ್ತದೆ ಎಂದು ನಾವೆಲ್ಲ ತಿಳಿದಿರುತ್ತೇವೆ. ಅನುರಣನೆಯ ಮಟ್ಟಿಗೆ ಅದು ತಲೆಕೆಳಗು. ಹೊರಗಿನ ಮಳೆಯ ಸದ್ದೂ ಸೇರಿಕೊಂಡಿತ್ತು, ನಿಜ. ಆದರೆ ಅದು ಬೇರೆ ಲೆಕ್ಕ. ತಗಡಿನ ಮಾಡಿನ ಮೇಲೆ ಮಳೆ ಬಡಿದಾಗ ಏಳುವುದು ಗದ್ದಲ. ನಮ್ಮ ಮಾತೇ ನಮ್ಮ ಮಾತಿಗೆ ಅಡ್ಡ ಬರುವುದು ಅನುರಣನೆ. ಒಂದರ ಮದ್ದು ಇನ್ನೊಂದಕ್ಕೆ ಆಗುವುದಿಲ್ಲ.

ಹಾಗಾದರೆ ಜೋರಾಗಿ ಮಾತನಾಡಿದರೆ? ಮೈಕ್ ಇಟ್ಟರೆ? ದನಿ ಏರಿಸಿದಾಗ ನೇರ ಶಬ್ದದ ಜೊತೆಗೆ ಅದರ ಬಾಲವೂ ಅಷ್ಟೇ ಏರುತ್ತದೆ. ಮೇಲಿನ ಸೂತ್ರದಲ್ಲಿ ದನಿಯ ಜೋರಿಗೆ ಜಾಗವೇ ಇಲ್ಲ, ನೋಡಿ. ಮದುವೆ ಹಾಲ್‌ಗಳಲ್ಲಿ ಮೈಕಿನ ವಾಲ್ಯೂಮ್ ಏರಿಸಿದಷ್ಟೂ ಭಾಷಣ ಅರ್ಥವಾಗದೆ ಹೋಗುವುದು ಇದರಿಂದಲೇ. ಹೊಸದಾಗಿ ಕಾಂಕ್ರೀಟ್ ಹಾಕಿ ಗ್ರಾನೈಟ್ ಹಾಸಿದ ಮಸೀದಿಯಲ್ಲಿ ಜುಮಾ ಖುತ್ಬಾ ಹಿಂದಿನ ಸಫ್‌ಗಳಿಗೆ ಬರೀ ಗುಂಯ್‌ಗುಡುವಿಕೆಯಾಗುವುದೂ ಉಂಟು. ಇನ್ನೊಂದು ಸ್ಪೀಕರ್ ಕಟ್ಟಿ ಎನ್ನುವುದು ನಾವು ಕೊಡುವ ಮೊದಲ ಸಲಹೆ, ತಪ್ಪು ಸಲಹೆ. ನಿಧಾನವಾಗಿ, ವಾಕ್ಯದ ನಡುವೆ ಬಿಡುವು ಕೊಟ್ಟು ಮಾತನಾಡುವುದೇ ಅದಕ್ಕಿಂತ ಮೇಲು.

ಹಳಬರ ಕಟ್ಟಡಗಳಲ್ಲಿ ಈ ತಿಳಿವಳಿಕೆ ಇತ್ತು. ಇಮಾಮರು ಜಮಾತಿಗೆ ಬೆನ್ನು ಮಾಡಿ ನಿಂತು ಓದುವಾಗ ಎದುರಿನ ಮಿಹ್ರಾಬಿನ ಬಾಗಿದ ಗೂಡು ದನಿಯನ್ನು ಹಿಂದಕ್ಕೆ ಮರಳಿಸುತ್ತದೆ. ಇಸ್ತಾಂಬುಲಿನ ಸುಲೇಮಾನಿಯ ಮಸೀದಿಯ (1557) ಗುಮ್ಮಟದೊಳಗೆ ವಾಸ್ತುಶಿಲ್ಪಿ ಸಿನಾನ್ ಬಾಯಿ ತೆರೆದ ಮಣ್ಣಿನ ಮಡಕೆಗಳನ್ನು ಹುದುಗಿಸಿದ್ದಾರೆ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಒಂದೇ ಶ್ರುತಿ ಬರುತ್ತದಲ್ಲ, ಅಂಥ ಪಾತ್ರೆ ತನ್ನ ಶ್ರುತಿಯ ಶಬ್ದಕ್ಕೆ ಅನುರಣಿಸಿ ಅದರ ಶಕ್ತಿಯನ್ನು ಸ್ವಲ್ಪ ತಿನ್ನುತ್ತದೆ. ನಮ್ಮ ಮಲೆನಾಡಿನ ಹಂಚಿನ ಮನೆಯೂ ಗುಂಯ್‌ಗುಡುವುದಿಲ್ಲ. ಹಂಚಿನ ಸಂದುಗಳು ಸಾವಿರ ಸಣ್ಣ ಕಿಟಕಿಗಳಿದ್ದಂತೆ. ಮಣ್ಣಿನ ಗೋಡೆ, ಅಟ್ಟದ ಮೇಲಿನ ಗೋಣಿಚೀಲ, ಅಡಿಕೆ ರಾಶಿ ಉಳಿದದ್ದನ್ನು ನೋಡಿಕೊಳ್ಳುತ್ತವೆ. ಅದೇ ಮನೆ ಕೆಡವಿ ಆರ್‌ಸಿಸಿ ಕಟ್ಟಿಸಿ, ಸಾಮಾನು ಇಡುವ ಮೊದಲು ಒಳಗೆ ನಿಂತು ಕೆಮ್ಮಿದರೆ ವ್ಯತ್ಯಾಸ ತಿಳಿಯುತ್ತದೆ.

ತರಗತಿಗೆ ಏನು ಮಾಡಬಹುದು? ಎಲ್ಲ ಗೋಡೆಗೂ ಮೆತ್ತೆ ಹೊದೆಸಬೇಕಿಲ್ಲ. 0.05 ಸೆಕೆಂಡಿನೊಳಗೆ ಬರುವ ಪ್ರತಿಫಲನವನ್ನು ಕಿವಿ ಮೂಲ ಮಾತಿನ ಜೊತೆ ಸೇರಿಸಿಕೊಂಡು ಬಲಪಡಿಸಿಕೊಳ್ಳುತ್ತದೆ. ಚಾವಣಿಯ ನಡುಭಾಗ ಅಧ್ಯಾಪಕರ ದನಿಯನ್ನು ಹೀಗೆ ಹಿಂದಿನ ಬೆಂಚಿಗೆ ತಲುಪಿಸುತ್ತದೆ, ಅದನ್ನು ಮುಟ್ಟಬಾರದು. ಮೊದಲು ಹಿಡಿಯಬೇಕಾದ್ದು ಹಿಂದಿನ ಗೋಡೆ. ಅದು 24 ಚದರ ಮೀಟರ್. ಮರದ ಚೌಕಟ್ಟಿನಲ್ಲಿ ರಾಕ್‌ವೂಲ್ ತುಂಬಿ ಬಟ್ಟೆ ಹೊದೆಸಿದ ಹಲಗೆಗಳ ಗುಣಾಂಕ 0.7 ಎಂದು ಇಟ್ಟುಕೊಂಡರೆ ಹೀರಿಕೆ 17 ಹೆಚ್ಚುತ್ತದೆ. ಆ ಮಳೆಯ ದಿನದ 1.9 ಸೆಕೆಂಡ್ 1ಕ್ಕೆ ಇಳಿಯುತ್ತಿತ್ತು. ಗೈರುಹಾಜರಾದ ನಲವತ್ತು ಮಂದಿಯನ್ನು ಕರೆತಂದು ಗೋಡೆಗೆ ಒರಗಿಸಿ ಕೂರಿಸಿದಷ್ಟೇ ಪರಿಣಾಮ!

ಹಣವಿಲ್ಲದಿದ್ದರೆ ದಪ್ಪ ಪರದೆ. ಆದರೆ ಗೋಡೆಗೆ ಅಂಟಿಸಿದಂತೆ ಬಿಗಿಯಾಗಿ ಕಟ್ಟಬೇಡಿ. ಗೋಡೆಯ ಮೈಯಲ್ಲೇ ಗಾಳಿಯ ಕಣಗಳು ಅಲುಗಲಾರವು. ಕಾಲು ತರಂಗದೂರದಷ್ಟು ಈಚೆಗೆ ಅವು ಅತಿ ಹೆಚ್ಚು ಅಲುಗುತ್ತವೆ. ಬಟ್ಟೆ ಶಕ್ತಿ ಹೀರುವುದು ಅಲ್ಲೇ. 500 ಹರ್ಟ್ಸ್‌ಗೆ ತರಂಗದೂರ 69 ಸೆಂಟಿಮೀಟರ್, ಅದರ ಕಾಲು ಭಾಗ 17. ಅಷ್ಟು ಜಾಗ ಸಿಗದಿದ್ದರೂ ಆದಷ್ಟು ಅಂತರ ಬಿಟ್ಟು, ನೆರಿಗೆ ಇಟ್ಟು ಕಟ್ಟಿ. ನೆಲದ ಕಾರ್ಪೆಟ್ ಎತ್ತರದ ಶ್ರುತಿಯನ್ನು ಚೆನ್ನಾಗಿ ಹೀರುತ್ತದೆ, ತಗ್ಗಿನ ಶ್ರುತಿಯನ್ನು ಹಾಗೇ ಬಿಡುತ್ತದೆ. ಅದೊಂದನ್ನೇ ನಂಬಿದರೆ ದನಿ ಮಂಕಾಗಿ ಕೇಳುತ್ತದೆ. ಅಲ್ಲದೆ ನಮ್ಮ ಜುಲೈ ತಿಂಗಳಿನಲ್ಲಿ ಅದು ಬೂಸ್ಟು ಹಿಡಿಯದೆ ಉಳಿಯುವುದಿಲ್ಲ. ಥರ್ಮೋಕೋಲಿನ ರಂಧ್ರಗಳು ಮುಚ್ಚಿರುವುದರಿಂದ ಗಾಳಿ ಒಳಗೆ ಹೋಗದು, ಹೀರುವುದೂ ಇಲ್ಲ. ಮೊಟ್ಟೆಯ ಟ್ರೇ ಅಂಟಿಸುವ ಅಭ್ಯಾಸ ಎಲ್ಲೆಡೆ ಇದೆ. ಅದರಿಂದ ಬರುವ ಲಾಭ ಅಲ್ಪ, ಬೆಂಕಿ ತಗುಲಿದರೆ ಮಾತ್ರ ಭಾರಿ ಅಪಾಯ. ಕಿಟಕಿ ತೆರೆಯುವುದು ಅಗ್ಗ, ಆದರೆ ಶಿವಮೊಗ್ಗ–ಸಾಗರ ಹೆದ್ದಾರಿ ಕಡೆಗಿರುವ ಕೊಠಡಿಗಳಿಗೆ ಲಾರಿಯ ಹಾರ್ನ್ ಒಳಗೆ ಬರುತ್ತದೆ. ಹಾಜರಿ ಕಡಿಮೆ ಇರುವ ದಿನ ಎಲ್ಲರೂ ಮುಂದಿನ ಬೆಂಚಿಗೆ ಬಂದು ಕೂರುವುದಕ್ಕೆ ಮಾತ್ರ ಏನೂ ಖರ್ಚಿಲ್ಲ.

ನೀವೇ ಅಳೆದು ನೋಡಲು ಒಂದು ಪ್ರಯೋಗ. ಮೊಬೈಲಿನಲ್ಲಿ ಶಬ್ದದ ಅಲೆಯನ್ನು ಚಿತ್ರವಾಗಿ ತೋರಿಸುವ ರೆಕಾರ್ಡರ್ ಇರಲಿ. ಒಂದೇ ಅಳತೆಗೆ ಊದಿದ ಬಲೂನುಗಳನ್ನು ಖಾಲಿ ತರಗತಿಯಲ್ಲಿ, ತುಂಬಿದ ತರಗತಿಯಲ್ಲಿ, ಮೆಟ್ಟಿಲ ಬಳಿ, ಲೈಬ್ರರಿಯಲ್ಲಿ, ಯಾರದಾದರೂ ಅಡಿಕೆ ತೋಟದ ನಡುವೆ ಒಡೆಯಿರಿ. ಮೊಬೈಲ್ ಪ್ರತಿ ಸಲವೂ ಬಲೂನಿನಿಂದ ಐದು ಹೆಜ್ಜೆ ದೂರದಲ್ಲೇ ಇರಬೇಕು. ಸದ್ದಿನ ಬಾಲ ಎಷ್ಟು ಉದ್ದ ಎಂದು ಬರೆದುಕೊಳ್ಳಿ. ಮೊಬೈಲಿನ ಮೈಕ್ ತನ್ನಷ್ಟಕ್ಕೆ ಶಬ್ದವನ್ನು ಏರಿಳಿಸುವುದರಿಂದ ಸಿಗುವ ಸೆಕೆಂಡುಗಳನ್ನು ನಿಖರ ಎಂದು ನಂಬಬೇಡಿ. ಒಂದು ಜಾಗವನ್ನು ಇನ್ನೊಂದರ ಜೊತೆ ಹೋಲಿಸಲು ಸಾಕು. ಟೇಪು ಹಿಡಿದು ಆಯಾ ಕೊಠಡಿಯ ಅಳತೆಯನ್ನೂ ತೆಗೆದು, ಸೇಬಿನ್ ಸೂತ್ರದ ಉತ್ತರವನ್ನು ಪಕ್ಕದಲ್ಲಿ ಬರೆದು, ಹಾಳೆಯನ್ನು ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಕೊಡಿ.